ಟವೆಲ್ ಹಾಕಿದ ಸೀಟು

ನನ್ನ ಅಂಗಡಿಯಲ್ಲಿ ಬಾಗಿಲ ಪಕ್ಕಕ್ಕೆ, ಬೆಳಕು ಚೆನ್ನಾಗಿ ಬೀಳುವ ಕಡೆ, ಒಂದು ಹೊಲಿಗೆ ಯಂತ್ರ ಇದೆ. ಅದರ ಮೇಲೆ ಹಳೆಯ ಧೋತರದ ತುಂಡು ಹೊದಿಸಿದ್ದೇನೆ. ಬಂದ ಗಿರಾಕಿಗಳು ಅದನ್ನು ನೋಡಿ ಒಂದಲ್ಲ ಒಂದು ಮಾತು ಆಡಿಯೇ ಆಡುತ್ತಾರೆ. "ಕೆಟ್ಟೈತೇನ್ರಿ ಟೇಲರ್?" ಅನ್ನುತ್ತಾರೆ. "ಕೊಡೂದಿದ್ರ ಹೇಳ್ರಿ, ನಮ್ಮ ಹುಡುಗಿ ಕಲೀತೀನಿ ಅನ್ನಾಕತ್ತಾಳ" ಅನ್ನುತ್ತಾರೆ. ಕೆಟ್ಟಿಲ್ಲ, ಕೊಡುವುದೂ ಇಲ್ಲ ಎಂದು ಹೇಳಿ ನಾನು ನನ್ನ ಹೊಲಿಗೆಗೆ ತಲೆ ಬಗ್ಗಿಸುತ್ತೇನೆ. ಅದು ಅಣ್ಣನ ಯಂತ್ರ. ನಿಜ ಹೇಳಬೇಕೆಂದರೆ ಅಂಗಡಿಯೂ ಅಣ್ಣನದೇ.

ಮೊನ್ನೆ ಮಂಗಳವಾರ ಬಸ್ಸಿನಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಯಾರಿಗಾದರೂ ಹೇಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ. ಆದರೆ ಅಣ್ಣ ಎಂಥ ಮನುಷ್ಯ ಎಂದು ಗೊತ್ತಾಗದೆ ಅದನ್ನು ಹೇಳಿದರೆ ಕೇಳಿದವರು ನಕ್ಕು ಬಿಡುತ್ತಾರೆ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಅವನ ಹೆಸರು ಬರೆಯುವುದಿಲ್ಲ. ಅವನ ಅಕ್ಕ ಅಂಕಲಿಯಲ್ಲಿ ಮಗಳಿಗೆ ಗಂಡು ನೋಡುತ್ತಿದ್ದಾಳೆ. ಅವನಿಗೆ ಬಂದ ಕಾಯಿಲೆಯ ಸುದ್ದಿ ಕಿವಿಗೆ ಬಿದ್ದರೆ ಬಂದ ಬೀಗರು ಚಹಾದ ಬಟ್ಟಲು ಅರ್ಧಕ್ಕೆ ಇಟ್ಟು ಏಳುತ್ತಾರೆ.

ಅವನು ನನ್ನ ಒಡಹುಟ್ಟಿದವನಲ್ಲ. ನಾನು ಕಬ್ಬು ಕಡಿಯುವ ಟೋಳಿಯ ಜೊತೆ ಊರೂರು ತಿರುಗಿ, ಬೆನ್ನು ಹಿಡಿದುಕೊಂಡು, ಇನ್ನು ಕುಳಿತು ಮಾಡುವ ಕೆಲಸ ಬೇಕು ಎಂದು ಕಾಗವಾಡದ ಅವನ ಅಂಗಡಿಗೆ ಬಂದವನು. ಆಗಲೇ ನನಗೆ ಮೀಸೆ ದಪ್ಪ ಆಗಿತ್ತು. ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಅವನು ನನ್ನ ಕೈ ಹಿಡಿದು ತಿರುಗಿಸಿ ಅಂಗೈ ನೋಡಿದ. ಕಬ್ಬು ಕಡಿಯುವ ಕೊಯ್ತದ ಹಿಡಿಕೆಯಿಂದ ಎದ್ದ ಗಂಟುಗಳನ್ನು ಹೆಬ್ಬೆರಳಿನಿಂದ ಒತ್ತಿದ.

"ಈ ಕೈಗೆ ಸೂಜಿ ಸಿಗೂದ ತ್ರಾಸ ಐತಲೇ ತಮ್ಮಾ" ಎಂದ. "ಸಿಕ್ಕಿತಂದ್ರ ಮತ್ತ ಬಿಡಂಗಿಲ್ಲ. ಕುಂಡ್ರು."

ಅಷ್ಟೇ ನನ್ನ ಸೇರ್ಪಡೆ.

ಅವನು ದಿನಾ ಅಂಕಲಿಯಿಂದ ಮುಂಜಾನೆಯ ಬಸ್ಸಿಗೆ ಹೊಳೆ ದಾಟಿ ಬರುತ್ತಿದ್ದ. ಅಂಗಿ, ಚೊಣ್ಣ, ಶಾಲೆಯ ಮಕ್ಕಳ ಬಟ್ಟೆ ಎಲ್ಲವನ್ನೂ ಹೊಲಿಯುತ್ತಿದ್ದ. ಆದರೆ ಸುತ್ತಿನ ಊರುಗಳಲ್ಲಿ ಅವನ ಹೆಸರು ಇದ್ದದ್ದು ಝೂಲದಿಂದ. ಎತ್ತಿನ ಬೆನ್ನ ಮೇಲೆ ಹೊದಿಸುವ ಬಣ್ಣದ ಬಟ್ಟೆಗೆ ನಾವು ಝೂಲ ಅನ್ನುತ್ತೇವೆ. ಅದಕ್ಕೆ ಕನ್ನಡಿಯ ಚೂರು, ಗೊಂಡೆ, ಕೆಂಪು ಅಂಚು ಹಚ್ಚಬೇಕು. ಕಾರಹುಣ್ಣಿಮೆ ನಮ್ಮ ಕಡೆ ಬೆಂದೂರ. ಅವತ್ತು ಎತ್ತುಗಳನ್ನು ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಝೂಲ ಹೊದಿಸಿ ಊರ ತುಂಬ ಮೆರೆಸುತ್ತಾರೆ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾಗಿವೆ. ಉಳಿದ ಎತ್ತುಗಳಿಗೆ ಮಾತ್ರ ಮೊದಲಿಗಿಂತ ಹೆಚ್ಚು ಶೃಂಗಾರ.

ಅಣ್ಣ ಎತ್ತಿನ ಅಳತೆ ಬೇರೆಯವರಿಂದ ಕೇಳಿ ಬರೆದುಕೊಳ್ಳುತ್ತಿರಲಿಲ್ಲ. ತಾನೇ ಎತ್ತು ಕಟ್ಟಿದ ಗೋದಲಿಗೆ ಹೋಗುತ್ತಿದ್ದ. ಟೇಪು ತೆಗೆಯುವ ಮೊದಲು ಎತ್ತಿನ ಬೆನ್ನ ಮೇಲೆ ಬರಿಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಸತ್ತಿಯ ಒಬ್ಬ ಮುದುಕ ರೈತ ಇದ್ದಾನೆ. ನಾವೆಲ್ಲ ಅವನಿಗೆ ಕಾಕಾ ಅನ್ನುತ್ತೇವೆ. ಅವನು ಒಮ್ಮೆ ಇದನ್ನು ನೋಡಿ, "ಏ ಮಾಸ್ತರಾ, ನನ್ನ ಅಂಗಿ ಮಾಪಾ ತಗೊಳ್ಳುವಾಗ ನನಗ ಹಿಂಗ ಪ್ರೀತಿಲೆ ಮುಟ್ಟಿಲ್ಲಲ್ಲೋ ನೀ!" ಎಂದ.

"ನೀ ಮಾಪಾ ಕೊಡುವಾಗ ಹೊಟ್ಟಿ ಒಳಗ ಎಳಕೋತಿ ಕಾಕಾ. ಎತ್ತ ಸುಳ್ಳ ಹೇಳಂಗಿಲ್ಲ" ಎಂದ ಅಣ್ಣ.

ಅವನ ಸ್ವಭಾವವೇ ಹಾಗೆ. ಮಾತು ಕಡಿಮೆ, ಆಡಿದ್ದು ನೆಟ್ಟಗೆ ಹೋಗಿ ತಾಗುವಂಥದ್ದು. ಹಲ್ಲಿನಿಂದಲೇ ದಾರ ಕಡಿಯುತ್ತಿದ್ದ. ಹೊಸ ಬಟ್ಟೆ ಬಂದರೆ ಕೆನ್ನೆಗೆ ಒತ್ತಿ ನೋಡುತ್ತಿದ್ದ. "ಹೊಲಿ" ಎಂದು ಯಾರಿಗೂ ಹೇಳುತ್ತಿರಲಿಲ್ಲ. ನನಗೆ ಕೈ ನಡೆಯದ ದಿನ ನನ್ನ ಯಂತ್ರಕ್ಕೆ ದಾರ ಪೋಣಿಸಿ, ಬಟ್ಟೆಯನ್ನು ಸೂಜಿಯ ಕೆಳಗೆ ಇಟ್ಟು, "ಮೊದಲನೇ ಹೊಲಿಗಿ ಹಾಕಲೇ. ಎರಡನೇದು ತಾನ ಬರ್ತೈತಿ" ಎಂದು ತನ್ನ ಜಾಗಕ್ಕೆ ಹೋಗುತ್ತಿದ್ದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ಮತ್ತೆ ಪುಸ್ತಕದ ಮುಂದೆ ಕೂರಿಸಿದ್ದೂ ಇದೇ ಮಾತು. ಇಷ್ಟು ವಯಸ್ಸಾದ ಮೇಲೆ ನಗುತ್ತಾರೆ ಅಣ್ಣಾ ಎಂದೆ. "ನಗವರು ಅಂಗಿ ಹೊಲಸಾಕ ಬರ್ತಾರಲ್ಲ, ಆಗ ಕುತಗಿ ಜರಾ ಬಿಗಿ ಇಡು" ಎಂದ.

ನಾನು ಮೂವತ್ತು ದಾಟಿದ ಮೇಲೆ ಹೊರಗಿನಿಂದ ಕಟ್ಟಿ ಹತ್ತನೇ ಪಾಸಾದೆ. ಅವತ್ತು ಅಣ್ಣ ಬಿಳಿಯ ಟವೆಲ್ಲೊಂದನ್ನು ತಂದು, ಝೂಲಕ್ಕೆ ಹಚ್ಚಿ ಉಳಿದಿದ್ದ ಕೆಂಪು ಅಂಚನ್ನು ಅದರ ಎರಡೂ ತುದಿಗೆ ಹೊಲಿದು, ಅಂಗಡಿಯಲ್ಲಿ ಗಿರಾಕಿಗಳು ಇರುವಾಗಲೇ ನನ್ನ ಹೆಗಲಿಗೆ ಹಾಕಿದ. "ಪಾಸಾದವ್ರಿಗಿ ಶಾಲ ಹೊದಸ್ತಾರ. ನಾವು ಎತ್ತಿನ ಟೇಲರ್, ನಮ್ಮ ಹತ್ರ ಇದ ಐತಿ" ಎಂದ. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆಯ ಹತ್ತಿರ ಸುಮ್ಮನೆ ನಿಂತೆ. ಆ ಟವೆಲ್ ಈಗಲೂ ನನ್ನ ಹತ್ತಿರ ಇದೆ.

ಕಾಯಿಲೆ ಯಾವಾಗ ಬಂತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಯಂತ್ರ ತುಳಿಯುತ್ತಿದ್ದವನು ಏಕದಮ್ ನಿಲ್ಲಿಸಿ ಕಿವಿ ಓರೆ ಮಾಡುತ್ತಿದ್ದ.

"ಏನೋ ಅಂದ್ರು ನೋಡು."

"ಯಾರಣ್ಣಾ?"

"ನಿನಗ ಕೇಳಸಲಿಲ್ಲೇನು?" ಎಂದು ನನ್ನ ಮುಖವನ್ನು ಅನುಮಾನದಿಂದ ನೋಡಿ ಮತ್ತೆ ತುಳಿಯುತ್ತಿದ್ದ. ಮೊದಮೊದಲು ಆ ಮಾತುಗಳು ಅವನಿಗೆ ಕೆಲಸ ಹೇಳುತ್ತಿದ್ದವಂತೆ. ಕೆಂಪು ಹಚ್ಚು, ಹಸಿರು ಬೇಡ, ಇನ್ನೂ ಲಗೂ ಮಾಡು, ನಿನ್ನಂಥವನು ಇಲ್ಲ. ಆ ವರ್ಷ ಅವನು ಹೊಲಿದ ಝೂಲಗಳಂಥವನ್ನು ನಾನು ಮತ್ತೆ ಎಲ್ಲೂ ನೋಡಿಲ್ಲ. ಊಟ ಮರೆತು ಹೊಲಿಯುತ್ತಿದ್ದ. ನಾವು ಹುರುಪು ಎಂದುಕೊಂಡೆವು.

ಬೆಂದೂರ ಇನ್ನೇನು ಬಂತು ಅನ್ನುವಾಗ, ಒಂದು ಮುಂಜಾನೆ ನಾನು ಅಂಗಡಿಗೆ ಬಂದರೆ ಅಣ್ಣ ನನಗಿಂತ ಮೊದಲೇ ಬಂದು ಕುಳಿತಿದ್ದ. ಹೊಲಿದಿಟ್ಟ ಝೂಲಗಳನ್ನೆಲ್ಲ ನಟ್ಟನಡುವೆ ಕತ್ತರಿಸಿ, ಬಣ್ಣ ಬಣ್ಣ ಬೇರೆ ಮಾಡಿ, ಅಚ್ಚುಕಟ್ಟಾಗಿ ಪೇರಿಸಿದ್ದ. "ಇವನ್ನ ಹೊದಸಿದ್ರ ಎತ್ತ ಉಸರ ಕಟ್ಟಿ ಸಾಯ್ತಾವು ಅಂದ್ರು. ಏನ್ ಮಾಡ್ಲಿ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಎತ್ತುಗಳನ್ನು ಉಳಿಸಿದೆ ಎಂಬ ಸಮಾಧಾನವೂ ಇತ್ತು.

ಬಂದ ರೈತರು ಬಾಯಿಗೆ ಬಂದಂತೆ ಬೈದರು. ಸತ್ತಿಯ ಕಾಕಾ ಮಾತ್ರ ತನ್ನ ಝೂಲದ ಎರಡು ತುಂಡುಗಳನ್ನು ಎತ್ತಿ ಹಿಡಿದು, "ಬಿಡ್ರೋ, ನನ್ನ ಎತ್ತಿಗೆ ಒಂದಿದ್ದದ್ದು ಎರಡಾದುವು" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಆಮೇಲೆ ಟೋಪಿ ತೆಗೆದು ಮುಖ ಒರೆಸಿಕೊಂಡು ನನಗೆ ಮೆಲ್ಲಗೆ, "ಡಾಕ್ಟರ್‌ಗೆ ತೋರಸ್ರಿ ತಮ್ಮಾ" ಎಂದು ಹೋದ.

ಅಣ್ಣನಿಗೆ ಮದುವೆ ಇಲ್ಲ. ಗಂಡ ತೀರಿಹೋದ ಮೇಲೆ ಮಗಳೊಂದಿಗೆ ತವರಿಗೆ ಬಂದ ಅಕ್ಕನೇ ಅವನ ಮನೆ. ಆಕೆ ಒಂದು ಜೋಡಿ ಎತ್ತು ಕಟ್ಟಿಕೊಂಡು, ಇದ್ದಷ್ಟು ಹೊಲದಲ್ಲಿ ದುಡಿಯುವ ಹೆಂಗಸು. ದಾರ ಕಟ್ಟಿಸಿದಳು, ನಿಂಬೆಹಣ್ಣು ಇಳಿಸಿದಳು. ಕೊನೆಗೆ ನಾನೂ ಆಕೆಯೂ ಸೇರಿ ಚಿಕ್ಕೋಡಿಯ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿಗೆ ಮಂಗಳವಾರ ಮನೋರೋಗದ ಡಾಕ್ಟರಮ್ಮ ಬರುತ್ತಿದ್ದರು. ಬೆಂಗಳೂರು ಕಡೆಯವರು, ವಯಸ್ಸು ಚಿಕ್ಕದು. ಸ್ಕಿಜೋಫ್ರೇನಿಯಾ ಎಂದರು. ಗುಳಿಗೆ ಬರೆದುಕೊಟ್ಟರು.

ಅಲ್ಲಿಂದ ನಮ್ಮ ಮಂಗಳವಾರಗಳು ಶುರುವಾದವು. ಚಿಕ್ಕೋಡಿ ಬಸ್ಸು ಕಾಗವಾಡದಿಂದ ಹೊರಟು ಅಂಕಲಿಯ ಮೇಲೆ ಹೋಗುತ್ತದೆ. ನಾನು ಇಲ್ಲಿ ಹತ್ತಿ, ಪಕ್ಕದ ಕಿಟಕಿ ಸೀಟಿನ ಮೇಲೆ ಆ ಕೆಂಪಂಚಿನ ಟವೆಲ್ ಹಾಕಿ ಜಾಗ ಹಿಡಿಯುತ್ತಿದ್ದೆ. ಮಂಗಳವಾರ ಸಂತೆಗೆ ಹೋಗುವವರ ಗದ್ದಲ. ಎಷ್ಟು ಜನ ಬೈದರೂ ಟವೆಲ್ ಎತ್ತಲು ಬಿಡುತ್ತಿರಲಿಲ್ಲ. ಅಂಕಲಿಯಲ್ಲಿ ಅಣ್ಣ ಹತ್ತಿ, ಟವೆಲ್ ನೋಡಿ ನೇರ ಅಲ್ಲಿಗೇ ಬಂದು, ಅದನ್ನು ಮಡಚಿ ನನ್ನ ತೊಡೆಯ ಮೇಲಿಟ್ಟು ಕುಳಿತುಕೊಳ್ಳುತ್ತಿದ್ದ.

ಗುಳಿಗೆಯಿಂದ ಮಾತುಗಳು ನಿಂತವು. ನಾವು ಗೆದ್ದೆವು ಎಂದುಕೊಂಡೆವು. ಅಣ್ಣ ಮತ್ತೆ ಅಂಗಡಿಗೆ ಬಂದ. ಯಂತ್ರದ ಮುಂದೆ ಕುಳಿತ. ಪೆಡಲಿನ ಮೇಲೆ ಕಾಲಿಟ್ಟ. ತುಳಿಯಲಿಲ್ಲ.

ಮುಂಜಾನೆ ಹಾಗೆ ಕುಳಿತವನು ಮಧ್ಯಾಹ್ನದ ಚಹಾ ಬಂದಾಗಲೂ ಹಾಗೇ ಇರುತ್ತಿದ್ದ. ಬಾಡಿದ ಮುಖವಲ್ಲ, ಅಳುವ ಮುಖವೂ ಅಲ್ಲ. ಗಿರಾಕಿಗಳು ನನ್ನ ಕಿವಿಯಲ್ಲಿ, "ಮೈಗಳ್ಳ ಆಗ್ಯಾನ್ರಿ, ನೀವೂ ಭಾಳ ಸಲಿಗಿ ಕೊಟ್ಟೀರಿ" ಅನ್ನುತ್ತಿದ್ದರು. ಅಕ್ಕನೇ ಒಮ್ಮೆ ಸಿಟ್ಟಿಗೆ ಬಂದು, "ಹುಚ್ಚ ಇದ್ದಾಗ ದುಡೀತಿದ್ದ, ಶ್ಯಾಣ್ಯಾ ಆದ ಮ್ಯಾಲೆ ಕುಂತ ತಿನ್ನಾಕತ್ತಾನ ನೋಡ್ರಿ" ಎಂದಳು.

ನಾನು ಅವನ ಯಂತ್ರಕ್ಕೆ ದಾರ ಪೋಣಿಸಿ, ಬಟ್ಟೆಯನ್ನು ಸೂಜಿಯ ಕೆಳಗೆ ಇಟ್ಟು, "ಮೊದಲನೇ ಹೊಲಿಗಿ ಹಾಕಣ್ಣಾ. ಎರಡನೇದು ತಾನ ಬರ್ತೈತಿ" ಎಂದೆ. ಅವನ ಮಾತನ್ನೇ ಅವನಿಗೆ ತಿರುಗಿಸಿ ಕೊಟ್ಟಿದ್ದೆ.

ಬಹಳ ಹೊತ್ತು ಸೂಜಿಯನ್ನೇ ನೋಡಿದ. "ಮೊದಲನೇದ ಬರವಲ್ದಲ್ಲೋ" ಎಂದ. ಆಮೇಲೆ, "ಮಾಡಾಕ ಬರ್ತೈತಿ ತಮ್ಮಾ. ಮಾಡಬೇಕು ಅನ್ನೂದು ಬರವಲ್ದು. ಮೊದಲ ಅವ್ರು ಎಬ್ಬಸ್ತಿದ್ರು. ಈಗ ಒಳಗ ಯಾರೂ ಇಲ್ಲ. ನಾನೂ ಇಲ್ಲ" ಎಂದ.

ಇದನ್ನು ನಾನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಇದು ಸೋಮಾರಿತನ ಅಲ್ಲ, ಇದೂ ಕಾಯಿಲೆನೇ. ಕಿವಿಯಲ್ಲಿ ಕೇಳೋ ಗದ್ದಲಕ್ಕೆ ನನ್ನ ಹತ್ರ ಮಾತ್ರೆ ಇದೆ. ಮನಸ್ಸು ಏಳದೇ ಇರೋದಕ್ಕೆ ಅಷ್ಟು ಒಳ್ಳೆ ಮಾತ್ರೆ ಇಲ್ಲ. ಮನಸ್ಸು ಏಳದಿದ್ರೆ ಇರೋ ಮಾತ್ರೆನೂ ತಗೊಳ್ಳಲ್ಲ. ಅವರಿಗೆ ಏನಾದ್ರೂ ಬೇಕು ಅನ್ನಿಸಬೇಕು. ನಿಮಗೆ ಬೇಕಾದ್ದಲ್ಲ, ಅವರಿಗೆ. ಕೇಳಿ ನೋಡಿ" ಎಂದರು.

ಮರಳಿ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಅಣ್ಣಾ, ನಿನಗ ಏನ್ ಬೇಕು?" ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತ ಹೋಗುತ್ತಿತ್ತು. ಅಂಕಲಿ ಬಂತು. ಅವನು ಎದ್ದು, ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟು ಹಿಂದೆ ತಿರುಗಿದ.

"ಅಕ್ಕನ ಎತ್ತ ಈ ಸಲಾ ಬೆಂದೂರಕ ಬರೇ ಬೆನ್ನಲೆ ಹೋಗಬಾರ್ದು."

ಕಂಡಕ್ಟರ್, "ಇಳಿಯೋ ಮಾರಾಯಾ" ಎಂದು ಸೀಟಿ ಊದಿದ. ನನಗೆ ಆ ಸೀಟಿ ಬ್ಯಾಂಡು ಬಾಜಿಯಂತೆ ಕೇಳಿಸಿತು.

ಅಲ್ಲಿಂದ ಬೆಂದೂರದವರೆಗೆ ಗುಳಿಗೆ ಒಂದು ದಿನವೂ ತಪ್ಪಲಿಲ್ಲ. ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಿ, "ಇದನ್ನ ನುಂಗಿದ್ರ ಸೂಜಿ ಹಿಡೀಬಹುದು" ಎಂದು ತನಗೇ ಹೇಳಿಕೊಂಡು ನುಂಗುತ್ತಿದ್ದ. ಕೆಲಸ ನಿಧಾನ. ಬೆರಳು ಬಿಗಿದಿರುತ್ತಿದ್ದವು. ಕೆಲವು ದಿನ ಒಂದೇ ಕನ್ನಡಿ ಚೂರು ಕೂರಿಸಿ ಎದ್ದು ಹೋಗುತ್ತಿದ್ದ. ನಾನು ಕೈ ಹಾಕಲಿಲ್ಲ, ಅವಸರ ಮಾಡಲಿಲ್ಲ. ಹಬ್ಬದ ಹಿಂದಿನ ದಿನ ಕೊನೆಯ ಗೊಂಡೆ ಕಟ್ಟಿ, ದಾರವನ್ನು ಹಲ್ಲಿನಿಂದ ಕಡಿದ. ಹಾಗೆ ಕಡಿದದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಬೆಂದೂರದ ದಿನ ನಾನೂ ಅಂಕಲಿಗೆ ಹೋದೆ. ಅಕ್ಕನ ಎತ್ತು ಎರಡೂ ಝೂಲ ಹೊದ್ದು ಓಣಿಗೆ ಬಂದಾಗ ಜನ ಸರಿದು ನಿಂತರು. ಯಾರೋ, "ಯಾವ ಊರಿಂದ ಹೊಲಿಸಿ ತಂದೀಬೇ? ಭಾರೀ ಐತಲ್ಲ!" ಎಂದರು. ಅಕ್ಕ ಓಣಿಗೆಲ್ಲ ಕೇಳುವಂತೆ, "ಯಾವ ಊರಿಂದ ಯಾಕ ತರ್ಲಿ? ನಮ್ಮ ಹುಡುಗ ಹೊಲದಾನ!" ಎಂದಳು. ಅಣ್ಣ ಎತ್ತುಗಳ ಹಿಂದೆ, ಧೂಳಿನಲ್ಲಿ, ಕೈ ಕಟ್ಟಿಕೊಂಡು ನಡೆಯುತ್ತಿದ್ದ. ನನ್ನನ್ನು ನೋಡಿ ನಕ್ಕ. ಕಾಯಿಲೆ ಬಂದ ಮೇಲೆ ನಾನು ಕಂಡ ನಗು ಅದೊಂದೇ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಅಕ್ಕ ಪಂಢರಪುರದ ವಿಠ್ಠಲನಿಗೆ ಹರಕೆ ಹೊತ್ತಿದ್ದಳು. ತಮ್ಮ ಮತ್ತೆ ಸೂಜಿ ಹಿಡಿದರೆ ಅವನನ್ನು ನಡೆಸಿಕೊಂಡು ದಿಂಡಿಯಲ್ಲಿ ಬರುತ್ತೇನೆ ಎಂದು. ಆಷಾಢ ಏಕಾದಶಿಗೆ ನಮ್ಮ ಕಡೆಯ ಊರೂರುಗಳಿಂದ ಜನ ತಾಳ ಹಿಡಿದು ಹಾಡುತ್ತ ಪಂಢರಪುರಕ್ಕೆ ನಡೆದು ಹೋಗುತ್ತಾರೆ. ಅದೇ ದಿಂಡಿ. ಬೆಂದೂರ ಮುಗಿದ ಸ್ವಲ್ಪ ದಿನಕ್ಕೆ ಇಬ್ಬರೂ ಹೊರಟರು. ನಾನೇ ಗುಳಿಗೆಯ ಚೀಲ ಕಟ್ಟಿ ಅಣ್ಣನ ಹೆಗಲಿಗೆ ಹಾಕಿದ್ದೆ.

ತಿರುಗಿ ಬಂದ ಮೇಲೆ ನೋಡಲು ಹೋದೆ. ಅಣ್ಣ ಕಟ್ಟೆಯ ಮೇಲೆ ಬಿಸಿಲಿಗೆ ಕಪ್ಪಾಗಿ, ಹಣೆಯ ತುಂಬ ವಿಠ್ಠಲನ ಕರಿ ಬುಕ್ಕಿಟ್ಟು ಹಚ್ಚಿಕೊಂಡು ಕುಳಿತಿದ್ದ. ಬಹಳ ಮಾತಾಡಿದ. ಅಕ್ಕ ಪ್ರಸಾದ ಕೊಟ್ಟಳು.

"ಗುಳಿಗಿ ತಗೋಳಾಕತ್ತಾನೇನ್ರೀ ಅಕ್ಕಾರ?"

"ಹರಕಿ ಮುಟ್ಟಿತಲ್ಲ ತಮ್ಮಾ. ಚಂದ್ರಭಾಗಾ ಹೊಳ್ಯಾಗ ಬಿಟ್ಟಬಂದ್ವಿ."

ನನ್ನ ಕೈಯಲ್ಲಿದ್ದ ಪ್ರಸಾದ ಕೈಯಲ್ಲೇ ಉಳಿಯಿತು. "ಡಾಕ್ಟರಮ್ಮ ಬಿಡಬ್ಯಾಡಂದಿದ್ರಲ್ರೀ."

"ಅವ್ರು ಓದಿದವ್ರು, ಅವ್ರ ಮಾತ ಸುಳ್ಳ ಅನ್ನಂಗಿಲ್ಲ ನಾ. ಆದ್ರ ನೀವ ಹೇಳ್ರಿ, ಗುಣ ಮಾಡಿದ್ರ ನಡದ ಬರ್ತೀನಿ ಅಂದೆ. ಅಂವಾ ಮಾಡಿದ. ನಾ ನಡದ ಹೋದೆ. ಅಲ್ಲಿ ಪಾದಕ್ಕ ಹಣಿ ಹಚ್ಚಿ, ಹೊಳ್ಳಿ ಬಂದು ಮತ್ತ ಗುಳಿಗಿ ಕೊಟ್ರ, ನೀ ಮಾಡಿದ್ದು ಖರೆ ಅಲ್ಲ ಅಂತ ದೇವ್ರ ಮಾರಿಗೇ ಅಂದಂಗ ಆಗಂಗಿಲ್ಲೇನು?"

ಆಕೆ ಮೂಢಳಲ್ಲ. ಕೊಟ್ಟ ಮಾತಿಗೆ ನಡೆಯುವವಳು. ನಮ್ಮಲ್ಲಿ ಹರಕೆ ತೀರಿತು ಎಂದರೆ ಆ ವಿಷಯ ಮುಗಿಯಿತು ಎಂದೇ ಅರ್ಥ. ನಾನು ಅಣ್ಣನ ಕಡೆ ತಿರುಗಿದೆ. "ನೀನರ ಹೇಳಣ್ಣಾ, ಗುಳಿಗಿ ಬೇಕಂತ."

"ಬೆಂದೂರ ಆತಲ್ಲೋ" ಎಂದ ಅಣ್ಣ. "ಎತ್ತ ಮೆರದುವು. ಇನ್ನ ಯಾತಕ್ಕ?"

ಅವನ ಗುಳಿಗೆಯನ್ನು ಒಂದು ಹಬ್ಬಕ್ಕೆ ಕಟ್ಟಿ ನಿಲ್ಲಿಸಿದ್ದೆವು. ಹಬ್ಬಕ್ಕೆ ಒಂದು ಮರುದಿನ ಇರುತ್ತದೆ ಎಂದು ನಮಗಾರಿಗೂ ಹೊಳೆದಿರಲಿಲ್ಲ.

ಶ್ರಾವಣದಲ್ಲಿ ಮಾತುಗಳು ತಿರುಗಿ ಬಂದವು. ಒಂದು ದಿನ ಅಣ್ಣ ಮನೆ ಬಿಟ್ಟ. ಹುಡುಕಿ ಹುಡುಕಿ ಸಾಕಾದ ಮೇಲೆ ನಿಪ್ಪಾಣಿಯ ಹೆದ್ದಾರಿಯ ಬದಿಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದವನನ್ನು ತಂಬಾಕಿನ ಲಾರಿಯವರು ಗುರುತಿಸಿ ಫೋನು ಮಾಡಿದರು. ಅಂಗಿಯ ಜೇಬಿನ ತುಂಬ ಕನ್ನಡಿ ಚೂರು. ಅಕ್ಕನ ಎತ್ತಿನ ಝೂಲಕ್ಕೆ ತಾನೇ ಕೂರಿಸಿದ್ದನ್ನು ತಾನೇ ಕಿತ್ತಿದ್ದ. "ಎಲ್ಲಾ ನನ್ನ ನೋಡಾಕತ್ತಿದ್ದುವು" ಎಂದ. ಬೆರಳುಗಳಿಂದ ರಕ್ತ ಬರುತ್ತಿತ್ತು.

ಮತ್ತೆ ಚಿಕ್ಕೋಡಿ. ಈ ಸಲ ದಿನದ ಗುಳಿಗೆಯ ಜೊತೆಗೆ ತಿಂಗಳಿಗೊಂದು ಇಂಜೆಕ್ಷನ್ ಎಂದರು. ಮಾತುಗಳು ದೂರ ಸರಿದವು, ಪೂರ್ತಿ ಹೋಗಲಿಲ್ಲ. ಕೈ ನಡುಗತೊಡಗಿತು. ಮೊದಲ ಸಲ ಕಾಯಿಲೆ ಇಳಿದಾಗ ಸ್ವಲ್ಪವಾದರೂ ಉಳಿದಿದ್ದ ಅಣ್ಣ ಈ ಸಲ ಇನ್ನೂ ಕಡಿಮೆ ಉಳಿದ. ಅಕ್ಕ ಒಬ್ಬಳೇ ಹೊಲವನ್ನೂ ಅವನನ್ನೂ ನೋಡಿಕೊಳ್ಳಲಾಗದೆ ಎತ್ತು ಕೊಟ್ಟು ಎಮ್ಮೆ ಕಟ್ಟಿದಳು. ಎತ್ತು ಹೋದ ದಿನ ಅಣ್ಣ ಕಟ್ಟೆಯ ಮೇಲೆ ಕುಳಿತೇ ಇದ್ದನಂತೆ. ತಲೆ ಎತ್ತಿ ನೋಡಲಿಲ್ಲವಂತೆ.

ನಾನು ಮತ್ತೆ ಕೇಳಿದೆ, ಏನು ಬೇಕು ಎಂದು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಅವನ ಮನೆಯ ಕಟ್ಟೆಯ ಮೇಲೆ. ಸತ್ತಿಯ ಕಾಕಾ ತಾನಾಗಿ ಬಂದು, "ಮಾಸ್ತರಾ, ನನ್ನ ಎತ್ತಿಗೆ ಒಂದ ಜೋಡಿ ಝೂಲ ಬೇಕ ನೋಡು. ಬ್ಯಾರೆದವರ ಹೊಲದ್ರ ಅವು ಹೊದ್ದ್ಕೊಳ್ಳಂಗಿಲ್ಲ, ಒದೀತಾವು" ಎಂದ. ಅಣ್ಣ ಬಟ್ಟೆ ಕತ್ತರಿಸಿದ. ಒಂದು ಬದಿಗೆ ಅಂಚು ಹಚ್ಚಿದ. ಅಲ್ಲಿಗೆ ನಿಂತ. ಆ ಬೆಂದೂರಕ್ಕೆ ಕಾಕಾನ ಎತ್ತು ಹಳೆಯ ಝೂಲದ ಒಂದೊಂದು ತುಂಡನ್ನೇ ಹೊದ್ದು ಹೋದವು.

ಇಷ್ಟಾದರೂ ಇಂಜೆಕ್ಷನ್ನಿನ ಮಂಗಳವಾರ ಮಾತ್ರ ಅವನು ತಪ್ಪಿಸುತ್ತಿರಲಿಲ್ಲ. ಅಂಕಲಿಯ ಸ್ಟಾಪಿನಲ್ಲಿ ಕೈಚೀಲ ಹಿಡಿದು ನಿಂತಿರುತ್ತಿದ್ದ. ಹತ್ತಿ, ಟವೆಲ್ ಮಡಚಿ, ಕುಳಿತುಕೊಳ್ಳುತ್ತಿದ್ದ. ಡಾಕ್ಟರಮ್ಮನಿಗೂ ಆಶ್ಚರ್ಯ. ಒಮ್ಮೆ ಕೇಳಿದರು, "ಇಂಜೆಕ್ಷನ್ನಿಂದ ಒಳ್ಳೇದಾಗುತ್ತೆ ಅನ್ಸುತ್ತಾ?"

"ಇಲ್ರೀ."

"ಮತ್ತೆ ತಪ್ಪದೆ ಬರ್ತೀರಲ್ಲ?"

ಅಣ್ಣ ನನ್ನ ಕಡೆ ಬೆರಳು ತೋರಿಸಿದ. "ಇಂವಾ ಅಲ್ಲಿಂದ ಒಬ್ಬನ ಬರ್ತಾನ್ರಿ. ಟವೆಲ್ ಹಾಕಿ ಜಗಳಾಡಿ ಜಾಗಾ ಹಿಡೀತಾನು. ನಾ ಹತ್ತಲಿಲ್ಲಂದ್ರ ಜನಾ ಇವಂಗ ಬೈತಾರು."

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಂತಿತು. ಹೊರಡುವಾಗ ನನ್ನನ್ನು ಹಿಂದಕ್ಕೆ ಕರೆದು, "ನೀವು ಮಾತ್ರ ಬಿಡಬೇಡಿ" ಎಂದರು. ಅವತ್ತಿನಿಂದ ನನಗೆ ಒಂದು ಕೆಮ್ಮು ಬಂದರೂ ಹೆದರಿಕೆ.

ಹೆದರಿದ್ದೇ ಆಯಿತು. ಈ ವರ್ಷ ಹೊಟ್ಟೆನೋವು ಎಂದು ಮಿರಜಿಗೆ ಹೋದರೆ ಹರ್ನಿಯಾ ಎಂದು ಅಲ್ಲೇ ಆಪರೇಷನ್ ಮಾಡಿದರು. ಬಸ್ಸು ಹತ್ತಬಾರದು, ಭಾರ ಎತ್ತಬಾರದು ಎಂದು ಮನೆಯಲ್ಲಿ ಮಲಗಿಸಿದರು. ಮಲಗಿದ್ದಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ, ಅಣ್ಣನ ಕೈಗೆ ಕೊಡಿ ಎಂದೆ.

"ಅಣ್ಣಾ, ಈ ಮಂಗಳವಾರ ಅಕ್ಕನ ಜೋಡಿ ಹೋಗಿ ಬಾ."

"ನೀ?"

"ನನಗ ಬರಾಕ ಆಗೂದಿಲ್ಲ. ಹೊಲಿಗಿ ಹಾಕ್ಯಾರ ಹೊಟ್ಟಿಗೆ."

"ಎಂಥಾ ದಾರ?" ಎಂದು ಕೇಳಿದ. ನನಗೆ ನಗು ಬಂತು. ಹೊಲಿಗೆ ಎಳೆದು ನೋವೂ ಆಯಿತು.

"ಗೊತ್ತಿಲ್ಲಣ್ಣಾ. ನೀ ಹೋಗ್ತಿ ಹೌದಿಲ್ಲೋ?"

"ನೀ ಯಾವಾಗ ಬರ್ತಿ?"

"ಮುಂದಿನ ಸಲಾ."

"ಹಂಗಾರ ಮುಂದಿನ ಸಲಾ ಹೋಗೂಣು" ಎಂದು ಫೋನು ಅಕ್ಕನ ಕೈಗೆ ಕೊಟ್ಟ.

ಮುಂದಿನ ಸಲವೂ ನನಗೆ ಆಗಲಿಲ್ಲ. ಗಾಯ ಕೀವಾಗಿ ಮತ್ತೆ ಮಿರಜಿಗೆ ಹೋಗಬೇಕಾಯಿತು. ಆ ರೂಟಿನ ಕಂಡಕ್ಟರ್ ನನ್ನನ್ನು ನೋಡಲು ಬಂದಾಗ ಹೇಳಿದ. ಅಣ್ಣ ಎರಡೂ ಸಲ ಸ್ಟಾಪಿನಲ್ಲಿ ಚೀಲ ಹಿಡಿದು ನಿಂತಿದ್ದ. ಬಸ್ಸು ನಿಂತಾಗ ಹತ್ತದೆ, ಕಿಟಕಿಯ ಸಾಲು ಪೂರ್ತಿ ನೋಡುತ್ತ ಮುಂದಿನಿಂದ ಹಿಂದಕ್ಕೆ ನಡೆದ. "ಹತ್ರಿ, ಜಾಗಾ ಅದಾವು ಅಂದ್ನಿ. ‘ಟವೆಲ್ ಇಲ್ಲ’ ಅಂದ, ಹೊಳ್ಳಿ ಹೋದ." ಅಕ್ಕ ಕೈ ಹಿಡಿದು ಎಳೆದರೂ ಬರಲಿಲ್ಲವಂತೆ. ಮನೆಯಲ್ಲಿ ಗುಳಿಗೆಯನ್ನೂ ಬಿಟ್ಟಿದ್ದ. ಡಾಕ್ಟರಮ್ಮನಿಗೆ ಫೋನು ಮಾಡಿಸಿದೆ. ಕರೆದುಕೊಂಡು ಬನ್ನಿ, ತಡ ಮಾಡಬೇಡಿ ಎಂದರು. ಕರೆದುಕೊಂಡು ಹೋಗುವುದು ಹೇಗೆ ಎಂಬುದೇ ನಮ್ಮ ಸಂಕಟವಾಗಿತ್ತು.

ಮಿರಜಿನ ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಮೊನ್ನೆ ಮಂಗಳವಾರ ನಾನು ಬಸ್ಸು ಹತ್ತಿದೆ. ಹೆಂಡತಿ ಹೊಟ್ಟೆಗೆ ಪಟ್ಟಿ ಕಟ್ಟಿ ಕಳಿಸಿದ್ದಳು. ಕಿಟಕಿ ಸೀಟಿನ ಮೇಲೆ ಟವೆಲ್ ಹಾಕಿದೆ. ಪಕ್ಕದಲ್ಲಿ ನಾನು ಕುಳಿತೆ.

ಅಂಕಲಿಯಲ್ಲಿ ಅವನು ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿಗಳು ಮೇಲೆ ಕೆಳಗೆ ಆಗಿದ್ದವು. ಅಕ್ಕ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಣ್ಣ ಕಿಟಕಿಯ ಸಾಲು ನೋಡುತ್ತ ಬಂದ. ನಾನು ಟವೆಲ್ಲನ್ನು ಎತ್ತಿ ಕಿಟಕಿಯ ಹೊರಗೆ ಬೀಸಿದೆ. ಅವನ ಕಣ್ಣು ಟವೆಲ್ಲಿನ ಮೇಲೆ ನಿಂತಿತು. ಬಾಗಿಲಿಗೆ ಓಡಿದಂತೆ ಬಂದು ಹತ್ತಿದ. ದೇವರೇ, ಗುರುತಿದೆ ಎಂದುಕೊಂಡೆ.

ಹತ್ತಿರ ಬಂದು ಟವೆಲ್ಲಿನ ಕೆಂಪು ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ತನ್ನ ಹೊಲಿಗೆಯನ್ನು ಗುರುತು ಹಿಡಿಯುವವನ ಹಾಗೆ. ಆಮೇಲೆ ನನ್ನ ಮುಖ ನೋಡಿದ. ಆ ನೋಟ ನನ್ನನ್ನು ದಾಟಿ ಹೋಯಿತು.

"ಏಳ್ರಿ" ಎಂದ. "ಇದು ನಮ್ಮ ತಮ್ಮನ ಜಾಗಾ."

ಅಣ್ಣ ನನಗೆ ಎಂದೂ ‘ರೀ’ ಹಚ್ಚಿ ಮಾತಾಡಿದವನಲ್ಲ.

"ಅಣ್ಣಾ, ನಾನ ಅದೀನಿ. ನೋಡು."

"ಅಂವಾ ಕೆಳಗ ಚಾ ಕುಡ್ಯಾಕ ಇಳದಾನ, ಬರ್ತಾನ. ನಮ್ಮ ತಮ್ಮಗ ಹೊಟ್ಟಿಗೆ ಹೊಲಿಗಿ ಹಾಕ್ಯಾರ್ರಿ, ನಿಂದ್ರಾಕ ಆಗಂಗಿಲ್ಲ ಅವಂಗ. ಏಳ್ರಿ ಜರಾ."

ಬಸ್ಸಿನಲ್ಲಿ ಕೆಲವರು ನಕ್ಕರು. ಅಕ್ಕ ಹಿಂದಿನಿಂದ ಹತ್ತಿ ಬಂದವಳು, "ಯಪ್ಪಾ, ಇವ್ರ ಅಲ್ಲೇನೋ ನಿನ್ನ ತಮ್ಮ!" ಎಂದು ಕೂಗಿದಳು. ಅವನಿಗೆ ಅದು ಕೇಳಿಸಲಿಲ್ಲ. ಅವನು ನನ್ನನ್ನೇ ಕಾಯುತ್ತ ನಿಂತಿದ್ದ. ವಾದ ಮಾಡಿದರೆ ಇಳಿದು ಹೋದಾನು ಎಂದು ನನಗೆ ಭಯವಾಯಿತು. ನಾನು ಎದ್ದೆ.

ಅಣ್ಣ ಕಿಟಕಿಗೆ ಸರಿದು ಕುಳಿತ. ನಾನು ಎದ್ದ ಜಾಗದ ಮೇಲೆ ಟವೆಲ್ಲನ್ನು ಹಾಸಿ, ಸುಕ್ಕು ತೆಗೆದು, ಎರಡೂ ಅಂಚುಗಳನ್ನು ಸರಿಮಾಡಿದ. ಬಸ್ಸು ಹೊರಟಿತು. ಕಂಡಕ್ಟರ್ ಬಂದು, "ಯಾಕ್ರಿ ಟೇಲರ್, ಆಪರೇಷನ್ ಆದವ್ರು ನಿಂತೀರಿ? ಜಾಗಾ ಖಾಲಿ ಐತಲ್ಲ" ಎಂದ.

"ಅಲ್ಲಿ ಒಬ್ಬವ್ರು ಬರಾವ್ರದಾರ" ಎಂದೆ.

ಚಿಕ್ಕೋಡಿ ಬರುವವರೆಗೂ ನಾನು ಒಂದು ಕೈಯಿಂದ ಹೊಟ್ಟೆ ಹಿಡಿದು, ಇನ್ನೊಂದು ಕೈಯಿಂದ ಕಂಬಿ ಹಿಡಿದು ನಿಂತೇ ಇದ್ದೆ. ಅಣ್ಣ ಟವೆಲ್ಲಿನ ಮೇಲೆ ಕೈ ಇಟ್ಟುಕೊಂಡು, ಹತ್ತಿದವರು ಯಾರೂ ಕುಳಿತುಕೊಳ್ಳದ ಹಾಗೆ, ನನ್ನ ಜಾಗ ಕಾಯುತ್ತಿದ್ದ.